ಬೆನ್ನು ತಿರುಗಿಸಿದ ಅಕ್ಷರ

ಚುನಾವಣೆ ಬಂತೆಂದರೆ ಗಲ್‌ಪೇಟೆ ಠಾಣೆಗೆ
ಲೈಸೆನ್ಸಿನ ಕೋವಿಗಳೆಲ್ಲ ತವರಿಗೆ ಬಂದಂತೆ ಬರುತ್ತವೆ,
ಗೋಣಿತಾಟು ಸುತ್ತಿಕೊಂಡು, ಹಳೆ ಸೀರೆ ಹೊದ್ದುಕೊಂಡು.
ಈ ಸಲ ಒಂದು ಮಾತ್ರ ಬಿಸ್ಕತ್ತಿನ ಡಬ್ಬದಲ್ಲಿ.

"ನಂಬರು ಸವೆದುಹೋಗಿದೆ ಆಚಾರ್ರೇ, ಹೊಸದು ಕೊರೀಬೇಕು,"
ದಫೇದಾರ್ ಸೊಣ್ಣಪ್ಪ ಹೇಳಿಕಳಿಸಿದ.
ನಾನು ದೊಡ್ಡಪೇಟೆಯಲ್ಲಿ ಪಾತ್ರೆ ಮೇಲೆ ಹೆಸರು ಕೊರೆಯುವವನು.
ಅಕ್ಷರಕ್ಕೆ ಐದು ರೂಪಾಯಿ, ಒತ್ತಕ್ಷರಕ್ಕೆ ಪ್ರತ್ಯೇಕ ಇಲ್ಲ.
ಕೊಳಗ ಗೊತ್ತು, ತಪ್ಪಲೆ ಗೊತ್ತು, ಮದುವೆಯ ಚೊಂಬು ಗೊತ್ತು;
ಪಿಸ್ತೂಲು ಹಿಡಿದದ್ದು ಅದೇ ಮೊದಲು.

ಭಾರ. ಮಗ್ಗುಲಾಗಿ ಮಲಗಿದ ಉಡದ ಹಾಗೆ ತಣ್ಣಗೆ.

"ವೇಮಗಲ್ಲಿನ ದಸ್ತಗೀರ್ ಸಾಬರದು. ಅವರ ತಾತ ಹಡಗಿನಲ್ಲಿ ಬಟ್ಲರು,
ಶಾಂಘೈನಲ್ಲಿ ಯಾವನೋ ಸಾಲ ತೀರಿಸೋಕೆ ಕೊಟ್ಟನಂತೆ.
ಜರ್ಮನಿ ಮಾಲು ಅಂತ ಮೂರು ತಲೆಮಾರು ಮೆರೆದ್ರು."
ಸೊಣ್ಣಪ್ಪ ನಕ್ಕ. "ಬೆಂಗಳೂರಿನ ಸಾಹೇಬ್ರು ಬಂದವರು ನೋಡಿ ಅಂದ್ರು,
ಇದು ಚೀನಾದಲ್ಲೇ ಯಾವ ಕುಲುಮೆಯಲ್ಲೋ ಹುಟ್ಟಿದ್ದು.
ಆಗ ಅಲ್ಲಿ ಸೀಮೆಗೊಬ್ಬ ದಂಡನಾಯಕ,
ಹೊರಗಿಂದ ಕೋವಿ ಬರೋ ದಾರಿ ಬಂದ್.
ನೋಡಿ ನೋಡಿ ಮಾಡಿದ್ರು, ಹಂಗೇ, ಕಣ್ಣಳತೇಲಿ."

ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಗ್ಗಿದೆ.
ಅಯ್ಯೋ.

ಎಂ ಸರಿಯಿದೆ, ಎ ಸರಿಯಿದೆ. ಯು ಬಾಯಿ ಮುಚ್ಚಿ ಸೊನ್ನೆಯಾಗಿದೆ.
ಎಸ್ಸು ಬೆನ್ನು ತಿರುಗಿಸಿ ನಿಂತಿದೆ, ಮುನಿಸಿಕೊಂಡ ಮಗು.
ಇ ಗೆ ನಾಲ್ಕು ಹಲ್ಲು. ಆರ್ ಒಂಟಿಕಾಲಲ್ಲಿ.
ಕೆಳಗಿನ ಸಾಲು ಯಾವ ಭಾಷೆಯದೂ ಅಲ್ಲ,
ಕತ್ತಲಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿ ಹೊರಟಂಥ ಅಕ್ಷರಗಳು.
ಎಡಕ್ಕೊಂದು ಕೀಲಿ, ಗುಂಡು ತಡೆಯುವ ಕೀಲಿ.
ಒತ್ತಿದೆ, ಅಲುಗಲಿಲ್ಲ. ಉಗುರು ಹಾಕಿದೆ, ಸಂದೇ ಇಲ್ಲ.
ಅದು ಕೀಲಿಯಲ್ಲ, ಕೀಲಿಯ ಚಿತ್ರ;
ಏನು ಮಾಡುತ್ತದೆಂದು ತಿಳಿಯದೆ,
ಅಲ್ಲಿ ಇತ್ತಲ್ಲ ಎಂದು ಕೊರೆದಿಟ್ಟಿದ್ದಾನೆ ಪುಣ್ಯಾತ್ಮ.

ನನಗೆ ನಗು ಬರಲಿಲ್ಲ.

ಮೂವತ್ತು ವರ್ಷದ ಹಿಂದೆ, ಕೋಟೆ ಕಡೆಯ ಮದುವಣಗಿತ್ತಿಯ ಅಪ್ಪ
ಉರ್ದುವಿನಲ್ಲಿ ಚೀಟಿ ಬರೆದು ಕೊಟ್ಟಿದ್ದ: ಖುರ್ಷಿದಾ.
ಚುಕ್ಕಿಗಳನ್ನು ಪೆನ್ನು ಕಾರಿದ ಶಾಯಿ ಅಂದುಕೊಂಡೆ.
ಬಳ್ಳಿಯನ್ನಷ್ಟೇ ಕೊರೆದೆ, ಹೂವು ಬಿಟ್ಟೆ,
ಇಪ್ಪತ್ತು ತಾಮ್ರದ ಪಾತ್ರೆ, ಇಪ್ಪತ್ತರಲ್ಲೂ.

ಮೊನ್ನೆ ಪಕ್ಕದ ಕಲಾಯಿ ಅಂಗಡಿಗೆ ಹಂಡೆ ಹೊತ್ತು ಬಂದವಳು ಅವಳೇ.
ಚುಕ್ಕಿ ತಾನೆ ತಾಯಿ, ಒಂದು ನಿಮಿಷ, ಸರಿ ಮಾಡಿಕೊಡಲಾ?
"ಬ್ಯಾಡ. ಇದು ಯಾರ ಹೆಸರೂ ಅಲ್ಲ ಅಂತ ಮಾವ ನಗ್ತಿದ್ರು.
ಏಳು ಜನ ಸೊಸೇರು ಒಂದೇ ಮನೇಲಿ.
ಎಲ್ಲರ ಹಂಡೇನೂ ಅದಲುಬದಲಾದ್ವು, ನನ್ನದೊಂದು ಬಿಟ್ಟು."

ಅವನ ಮುಂದೆಯೂ ಒಂದು ಚೀಟಿ ಇತ್ತು, ಉಕ್ಕಿನ ಚೀಟಿ.
ಮೇಲೆ ಕತ್ತಿ ಹಿಡಿದ ಯಾವನೋ ನಿಂತಿದ್ದಿರಬೇಕು,
ಹಗಲು ಮುಗಿಯುವುದರೊಳಗೆ ಇಷ್ಟು, ಎಂದು.
ಎಸ್ಸು ಯಾವ ಕಡೆ ನೋಡುತ್ತದೆಂದು ಅವನು ಯಾರನ್ನು ಕೇಳಬೇಕಿತ್ತು?
ಆದರೂ ಒಂದು ಮಾತಿದೆ.
ನನ್ನ ತಪ್ಪಿನಿಂದ ಹಂಡೆ ಸೋರಲಿಲ್ಲ.

"ಹಾರುತ್ತಾ ಇದು?"
"ಹಾರಿಸಿದವರ ಕೈ ಹಾರುತ್ತೆ," ಸೊಣ್ಣಪ್ಪ ಟೀ ಹೀರಿದ.

ಉಳಿ ಇಟ್ಟೆ. ಉಕ್ಕು ತಾಮ್ರದಷ್ಟು ಮಾತು ಕೇಳುವುದಿಲ್ಲ.
ನಾಲ್ಕು, ಒಂದು, ಏಳು; ಇಂಗ್ಲಿಷಿನ ಅಂಕಿ, ಎಂದಿದ್ದ.
ನಾಲ್ಕು ಬಂತು, ಒಂದು ಬಂತು.
ಏಳಕ್ಕೆ ಕೈ ತಾನಾಗಿ ಹೊರಳಿತು,
ಮರಳಿನ ಮೇಲೆ ಅಪ್ಪ ಬೆರಳು ಹಿಡಿದು ತಿದ್ದಿಸಿದ ಏಳಿಗೆ.
ದಫೇದಾರ್ ನೋಡಲಿಲ್ಲ,
ರಿಜಿಸ್ಟರಿನಲ್ಲಿ ನಾನೂರ ಹದಿನೇಳು ಎಂದು ತುಂಬಿದ.
ಇನ್ನೊಂದು ಕಾಲಕ್ಕೆ, ಇನ್ಯಾವನೋ ಕನ್ನಡಿ ಹಿಡಿದು
ಇದ್ಯಾವ ದೇಶದ ಗುರುತು ಎಂದು ತಲೆ ಕೆರೆದುಕೊಳ್ಳಲಿ.

ಮೂರಕ್ಕೆ ಹದಿನೈದು. ಸೊಣ್ಣಪ್ಪ ಇಪ್ಪತ್ತು ಕೊಟ್ಟು
ಚಿಲ್ಲರೆಗೆ ಕೈ ಚಾಚಿ ಕಾದ.